ಕೈಗೆಟುಕುವ ಬೆಲೆಯ ಸಿಂಗಲ್ ಮಾಲ್ಟ್: ರುಚಿ ನೋಡುವ ಕ್ರಮ

ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದನ್ನೇ ಧಾನ್ಯವಾಗಿ ಬಳಸಿ, ಪಾಟ್ ಸ್ಟಿಲ್ ಎಂಬ ಹಂಡೆಗಳಲ್ಲಿ ಭಟ್ಟಿ ಇಳಿಸಿ, ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಮಾಗಿಸಿದ ವಿಸ್ಕಿಯನ್ನು ಮಾತ್ರ 2009ರ ಸ್ಕಾಚ್ ವಿಸ್ಕಿ ನಿಯಮಗಳು ಸಿಂಗಲ್ ಮಾಲ್ಟ್ ಸ್ಕಾಚ್ ಎಂದು ಒಪ್ಪುತ್ತವೆ. ಅಗ್ಗದ ಬಾಟಲಿಗೂ ದುಬಾರಿ ಬಾಟಲಿಗೂ ಈ ನಿಯಮ ಒಂದೇ. ಬೆಲೆಯ ವ್ಯತ್ಯಾಸಕ್ಕೆ ಮಾಗಿಸಿದ ಅವಧಿ, ಪೀಪಾಯಿಯ ಗುಣ ಮತ್ತು ಬಾಟಲಿಗೆ ತುಂಬುವಾಗಿನ ಮದ್ಯಾಂಶ ಮುಖ್ಯ ಕಾರಣಗಳಾಗಿದ್ದು, ರುಚಿ ನೋಡುವಾಗ ನಾವು ಹುಡುಕಬೇಕಾದದ್ದೂ ಇವುಗಳ ಗುರುತನ್ನೇ.

ಉದಾಹರಣೆಗೆ ಗ್ಲೆನ್ ಮೋರೇ ಎಲ್ಗಿನ್ ಕ್ಲಾಸಿಕ್ ಅನ್ನು ತೆಗೆದುಕೊಳ್ಳಬಹುದು. ಸ್ಪೇಸೈಡ್ ಪ್ರದೇಶದ ಎಲ್ಗಿನ್ ಪಟ್ಟಣದಲ್ಲಿ, ಹಿಂದೆ ಬಿಯರ್ ತಯಾರಿಸುತ್ತಿದ್ದ ಕಟ್ಟಡ 1897ರಲ್ಲಿ ಈ ಡಿಸ್ಟಿಲರಿಯಾಯಿತು. ಈ ವಿಸ್ಕಿ ಮಾಗುವುದು ಅಮೆರಿಕದ ಬರ್ಬನ್ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಗಳಲ್ಲಿ. ಲೇಬಲ್ಲಿನಲ್ಲಿ ವಯಸ್ಸಿನ ಉಲ್ಲೇಖವಿಲ್ಲ. ಮದ್ಯಾಂಶ ನಿಯಮದ ಕನಿಷ್ಠ ಮಿತಿಯಾದ ಶೇ. 40.

ಬಣ್ಣಕ್ಕೆ ಹೆಚ್ಚು ಗಮನ ಕೊಡಬೇಕಿಲ್ಲ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಅನುಮತಿಯಿರುವುದರಿಂದ ಗಾಢವಾದ ಹೊಂಬಣ್ಣ ದೀರ್ಘಕಾಲ ಮಾಗಿದ್ದಕ್ಕೆ ಸಾಕ್ಷಿಯಾಗಲಾರದು.

ಮೂಗಿನ ಕೆಲಸವೇ ದೊಡ್ಡದು. ಬಾಯಿ ಕಿರಿದಾದ ಟುಲಿಪ್ ಆಕಾರದ ಗ್ಲಾಸಿಗೆ 20 ಮಿ.ಲೀ. ಹಾಕಿ, ಮದ್ಯದ ಘಾಟು ತುಸು ತಗ್ಗುವವರೆಗೆ ಕಾದು, ತುಟಿಗಳನ್ನು ಸ್ವಲ್ಪ ತೆರೆದುಕೊಂಡು ಮೆಲ್ಲನೆ ಮೂಸಬೇಕು. ಇಲ್ಲಿ ಸಿಗುವ ವೆನಿಲ್ಲಾ ಪರಿಮಳಕ್ಕೆ ಓಕ್ ಮರದಲ್ಲಿರುವ ಲಿಗ್ನಿನ್ ಎಂಬ ವಸ್ತುವಿನಿಂದ ಹುಟ್ಟುವ ವೆನಿಲಿನ್ ಕಾರಣ. ತೆಂಗಿನಕಾಯಿಯ ಛಾಯೆ ಕಂಡರೆ ಅದು ಓಕ್‌ನ ಲ್ಯಾಕ್ಟೋನ್‌ಗಳೆಂಬ ಸಂಯುಕ್ತಗಳದ್ದು. ಸೇಬು, ಪೇರ್ ಹಣ್ಣುಗಳ ನೆನಪು ತರುವ ಎಸ್ಟರ್‌ಗಳೆಂಬ ಸುವಾಸನೆಯ ಸಂಯುಕ್ತಗಳು ಬಹುಮಟ್ಟಿಗೆ ಹುದುಗುವಿಕೆಯ ಹಂತದಲ್ಲೇ ರೂಪುಗೊಂಡಿರುತ್ತವೆ. ಹಸಿ ಧಾನ್ಯದ ವಾಸನೆ, ಮೂಗು ಚುಚ್ಚುವ ತೀಕ್ಷ್ಣತೆ ಎದ್ದು ಕಂಡರೆ ವಿಸ್ಕಿ ಇನ್ನೂ ಎಳೆಯದು ಎಂದು ಊಹಿಸಬಹುದು. ಎಲ್ಲ ಸ್ಕಾಚ್‌ನಲ್ಲೂ ಹೊಗೆಯ ವಾಸನೆ ಇರುತ್ತದೆಂಬ ನಂಬಿಕೆ ಹೊಸಬರಲ್ಲಿ ಸಾಮಾನ್ಯ; ಬಾರ್ಲಿಯನ್ನು ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯಗಳಿಂದಾದ ಇಂಧನ) ಹೊಗೆಯಲ್ಲಿ ಒಣಗಿಸಿದಾಗ ಮುಖ್ಯವಾಗಿ ಅದು ಬರುವುದರಿಂದ, ಸ್ಪೇಸೈಡ್‌ನ ಬಹುಪಾಲು ಮಾಲ್ಟ್‌ಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕಷ್ಟೇ. ತೀರ್ಮಾನವನ್ನು ಎರಡನೆಯದಕ್ಕೆ ಬಿಡುವುದು ಒಳಿತು. ನೀರು ಬೆರೆಸಿದರೆ ಪರಿಮಳ ಅರಳುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಅದನ್ನು ಬಾಟಲಿಯ ಮದ್ಯಾಂಶ ನೋಡಿ ಪಾಲಿಸಬೇಕು. ಶೇ. 60ರ ವಿಸ್ಕಿಯ 20 ಮಿ.ಲೀ.ಗೆ 5 ಮಿ.ಲೀ. ನೀರು ಸೇರಿಸಿದರೆ ಅದು ಸುಮಾರು ಶೇ. 48ಕ್ಕೆ ಇಳಿದು ಇನ್ನೂ ಗಟ್ಟಿಯಾಗಿಯೇ ಉಳಿಯುತ್ತದೆ, ಶೇ. 40ರದ್ದಕ್ಕೆ ಅಷ್ಟೇ ನೀರು ಬಿದ್ದರೆ ಸುಮಾರು ಶೇ. 32ಕ್ಕೆ ಇಳಿದು ಸಪ್ಪೆಯಾಗುತ್ತದೆ. ಅಗ್ಗದ ಮಾಲ್ಟ್‌ಗೆ ಡಿಸ್ಟಿಲರಿಯವರೇ ಸಾಕಷ್ಟು ನೀರು ಬೆರೆಸಿರುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡು, ನಾಲ್ಕೈದು ಹನಿಗೆ ನಿಲ್ಲಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ನುಂಗಿದ ಮೇಲೆ ಉಳಿಯುವ ರುಚಿ ಇಂತಹ ವಿಸ್ಕಿಗಳಲ್ಲಿ ಬೇಗ ಮರೆಯಾಗುವುದುಂಟು. ಕಹಿಯಾಗಲೀ ಒಗರಾಗಲೀ ಉಳಿಸದೆ ಸ್ವಚ್ಛವಾಗಿ ಮುಗಿದರೆ, ಬೇಗ ಮರೆಯಾಯಿತೆಂಬ ಕಾರಣಕ್ಕೆ ಅಂಕ ಕಡಿತಗೊಳಿಸಬೇಕಾಗಿಲ್ಲ.