ತುರ್ಕಿಗೆ ಕಳಿಸಿದ ಚಂದಾ ಹಣ ಗಾಯಾಳುಗಳಿಗೆ ಸೇರಿತೇ, ಬ್ಯಾಂಕಿಗೆ ಸೇರಿತೇ?

ಓದುಗರ ಪ್ರಶ್ನೆ: ಖಿಲಾಫತ್ ಚಳವಳಿಯ ಕಾಲದಲ್ಲಿ ಭಾರತದ ಮುಸ್ಲಿಮರು ತುರ್ಕಿಯ ಸೈನಿಕರಿಗೂ ನಿರಾಶ್ರಿತರಿಗೂ ಚಂದಾ ಎತ್ತಿ ಕಳಿಸಿದರು, ಆ ಹಣದಲ್ಲಿ ಮುಸ್ತಫಾ ಕೆಮಾಲ್ ಬ್ಯಾಂಕ್ ತೆರೆದರು ಎಂದು ಹಲವು ಸಲ ಕೇಳಿದ್ದೇನೆ. ಇದು ನಿಜವೇ? ನಿಜವಾದರೆ ಗಾಯಾಳುಗಳಿಗೆ ಏನೂ ಸೇರಲೇ ಇಲ್ಲವೇ?

ಉತ್ತರ: ಬ್ಯಾಂಕಿನ ಮಾತು ನಿಜ. ಗಾಯಾಳುಗಳಿಗೆ ಏನೂ ಸೇರಲಿಲ್ಲ ಎಂಬುದು ನಿಜವಲ್ಲ. ನಾವು ಒಂದೇ ಚಂದಾ ಎಂದುಕೊಂಡಿರುವುದು ವಾಸ್ತವದಲ್ಲಿ ಸುಮಾರು ಹತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಸಂಗ್ರಹಗಳು. ಮೊದಲನೆಯದು 1912–13ರ ಬಾಲ್ಕನ್ ಯುದ್ಧದ ಸಮಯದ್ದು. ಎರಡನೆಯದು ಮೊದಲ ಮಹಾಯುದ್ಧದ ನಂತರ, 1919ರಿಂದ 1922ರವರೆಗೆ ಖಿಲಾಫತ್ ಸಮಿತಿ ನಡೆಸಿದ್ದು. ಖಿಲಾಫತ್ ಎಂದರೆ ತುರ್ಕಿಯ ಸುಲ್ತಾನರು ಹೊಂದಿದ್ದ ಖಲೀಫ ಪದವಿ, ಅದನ್ನು ಉಳಿಸುವುದೇ ಆ ಸಮಿತಿಯ ಗುರಿ. ಕೊಟ್ಟವರು ಹೆಚ್ಚುಕಡಿಮೆ ಅದೇ ಜನ, ಕೊಟ್ಟ ಕಾರಣವೂ ಹೆಚ್ಚುಕಡಿಮೆ ಒಂದೇ. ಆದರೆ ಹಣ ಯಾರ ಕೈಗೆ ಹೋಯಿತು ಎಂಬಲ್ಲಿ ಎರಡಕ್ಕೂ ಅಜಗಜಾಂತರವಿದೆ, ಮತ್ತು ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲಿಯೇ.

ಮೊದಲ ಸಂಗ್ರಹದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಎರಡನೆಯದರ ಗದ್ದಲದಲ್ಲಿ ಜನ ಅದನ್ನು ಮರೆತಿದ್ದಾರೆ. 1912ರ ಅಕ್ಟೋಬರ್‌ನಲ್ಲಿ ಮಾಂಟೆನೆಗ್ರೊ, ಸರ್ಬಿಯಾ, ಬಲ್ಗೇರಿಯಾ ಮತ್ತು ಗ್ರೀಸ್ ಒಟ್ಟಾಗಿ ಉಸ್ಮಾನಿ, ಅಂದರೆ ತುರ್ಕಿಯ ಒಟ್ಟೊಮನ್, ಸಾಮ್ರಾಜ್ಯದ ಮೇಲೆ ಯುದ್ಧ ಸಾರಿದವು. ಕೆಲವೇ ವಾರಗಳಲ್ಲಿ ಬಲ್ಗೇರಿಯಾದ ಸೇನೆ ಇಸ್ತಾಂಬುಲ್‌ನ ಹೊರವಲಯಕ್ಕೆ ಸಮೀಪದ ಚತಾಲ್ಜಾ ರಕ್ಷಣಾ ಸಾಲಿನವರೆಗೆ ಬಂದು ನಿಂತಿತು. ಸೋತು ಹಿಂದಿರುಗುತ್ತಿದ್ದ ಸೈನಿಕರ ನಡುವೆ ಕಾಲರಾ ಹಬ್ಬಿತು. ನವೆಂಬರ್ ತಿಂಗಳಲ್ಲಿ ಅಯಾ ಸೋಫಿಯಾ ಮಸೀದಿಯಲ್ಲೇ ಕಾಲರಾ ಪೀಡಿತ ಸೈನಿಕರನ್ನು ಮಲಗಿಸಬೇಕಾಯಿತು. ಊರು ಬಿಟ್ಟು ಎತ್ತಿನ ಗಾಡಿಗಳಲ್ಲಿ ಬಂದ ಮುಹಾಜಿರರು, ಅಂದರೆ ನಿರಾಶ್ರಿತರು, ಮಸೀದಿಗಳ ಅಂಗಳಗಳಲ್ಲಿ ಚಳಿಗಾಲ ಕಳೆದರು.

ಈ ಸುದ್ದಿ ಭಾರತಕ್ಕೆ ತಲುಪಿದ್ದು ಪತ್ರಿಕೆಗಳ ಮೂಲಕ. ಮೌಲಾನಾ ಮುಹಮ್ಮದ್ ಅಲಿಯವರ ‘ಕಾಮ್ರೇಡ್’, ಮೌಲಾನಾ ಅಬುಲ್ ಕಲಾಂ ಆಝಾದ್ ಅದೇ ವರ್ಷ ಕಲ್ಕತ್ತಾದಿಂದ ಆರಂಭಿಸಿದ್ದ ‘ಅಲ್ ಹಿಲಾಲ್’, ಲಾಹೋರಿನ ಝಫರ್ ಅಲಿ ಖಾನರ ‘ಜಮೀನ್ದಾರ್’ ಯುದ್ಧದ ವರದಿಯ ಜೊತೆಗೇ ಚಂದಾ ಕೊಡಿ ಎಂಬ ಮನವಿಯನ್ನೂ ಪ್ರಕಟಿಸುತ್ತಿದ್ದವು. ಅಲಿಗಢದ ವಿದ್ಯಾರ್ಥಿಗಳು ಊಟದ ಖರ್ಚು ಕಡಿಮೆ ಮಾಡಿ ಉಳಿಸಿದ ಹಣ ಕೊಟ್ಟರು. ಹೆಂಗಸರು ಒಡವೆ ಬಿಚ್ಚಿ ಕೊಟ್ಟರು. ದೇವಬಂದ್‌ನ ದಾರುಲ್ ಉಲೂಮ್‌ನಲ್ಲಿ ಪಾಠ ನಿಲ್ಲಿಸಿ ಗುರುಶಿಷ್ಯರಿಬ್ಬರೂ ಚಂದಾ ಎತ್ತಲು ಹೊರಟರು. ಇಂದಿಗೂ ಎಲ್ಲೋ ನೆರೆ ಬಂದಾಗ, ಭೂಕಂಪವಾದಾಗ, ಜುಮಾ ನಮಾಝ್ ಮುಗಿಯುತ್ತಿದ್ದಂತೆ ಇಬ್ಬರು ಒಂದು ಬಟ್ಟೆಯ ನಾಲ್ಕು ಮೂಲೆ ಹಿಡಿದು ಸಾಲುಗಳ ನಡುವೆ ನಡೆದು ಬರುವುದನ್ನು, ಜನ ಎಷ್ಟು ಹಾಕಿದೆವೆಂದು ಪಕ್ಕದವರಿಗೂ ತಿಳಿಯದಂತೆ ಮುಷ್ಟಿ ಬಿಗಿಹಿಡಿದು ಅದರಲ್ಲಿ ಹಣ ಬಿಡುವುದನ್ನು ನೋಡಿದವರಿಗೆ, ಅಂದಿನ ಸಂಗ್ರಹ ಹೇಗಿದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಇಲ್ಲಿ ಧರ್ಮಶಾಸ್ತ್ರದ ಒಂದು ಮಾತನ್ನು ಹೇಳಲೇಬೇಕು. ಕುರ್‌ಆನಿನ ಒಂಬತ್ತನೆಯ ಅಧ್ಯಾಯದ 60ನೆಯ ವಚನ ಝಕಾತ್, ಅಂದರೆ ಕಡ್ಡಾಯ ದಾನ, ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಹೆಸರಿಸುತ್ತದೆ: ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಮುಂತಾದವರು ಅದರಲ್ಲಿ ಬರುತ್ತಾರೆ. ಮನೆ ಮಠ ಕಳೆದುಕೊಂಡ ನಿರಾಶ್ರಿತರು ಅದಕ್ಕೆ ಅರ್ಹರು ಎಂಬುದರಲ್ಲಿ ವಿವಾದವಿಲ್ಲ. ಉತ್ತರ ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದ ಪ್ರಕಾರ ಝಕಾತ್ ಸ್ಥಳೀಯ ಬಡವರಿಗೆ ಸೇರುವುದು ಮೇಲು, ಆದರೆ ಬೇರೆಡೆ ಹೆಚ್ಚಿನ ಅಗತ್ಯವಿದ್ದರೆ ಅಲ್ಲಿಗೆ ಕಳಿಸಬಹುದು. ಅದೇ ಪಂಥ ಇನ್ನೊಂದು ಷರತ್ತನ್ನೂ ಹಾಕುತ್ತದೆ: ಹಣ ಅರ್ಹನಾದ ಒಬ್ಬ ವ್ಯಕ್ತಿಯ ಕೈಸೇರಿ ಅವನ ಸ್ವಂತದ್ದಾಗಬೇಕು, ಕಟ್ಟಡಕ್ಕೋ ಸಂಬಳಕ್ಕೋ ಅದನ್ನು ಬಳಸುವಂತಿಲ್ಲ. ಆದ್ದರಿಂದ ಡೇರೆ, ಔಷಧಿ, ಹಡಗಿನ ಟಿಕೆಟ್ಟಿನಂತಹ ಖರ್ಚುಗಳಿಗೆ ಸಾಮಾನ್ಯ ಸದಕಾ, ಅಂದರೆ ಕಡ್ಡಾಯವಲ್ಲದ ದಾನ, ಬೇಕಾಗುತ್ತದೆ. ಕೊಟ್ಟ ಹಣ ಕೊನೆಗೆ ಯಾರ ಕೈಸೇರಿತು ಎಂದು ವಿಚಾರಿಸುವುದು ಈ ಪರಂಪರೆಯಲ್ಲಿ ಬರೀ ಅನುಮಾನದ ಮಾತಲ್ಲ, ಕೊಟ್ಟವನ ಹೊಣೆಯ ಒಂದು ಭಾಗ.

ಆ ಹೊಣೆಯನ್ನು 1912ರಲ್ಲಿ ಅತ್ಯುತ್ತಮವಾಗಿ ನಿಭಾಯಿಸಿದ್ದು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ವೈದ್ಯಕೀಯ ತಂಡ. ಎಡಿನ್‌ಬರೋದಲ್ಲಿ ಕಲಿತು ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಶಸ್ತ್ರಚಿಕಿತ್ಸಕರು ಅವರು. 1912ರ ಡಿಸೆಂಬರ್ 15ರಂದು ತಂಡ ಮುಂಬಯಿಯಿಂದ ಹಡಗು ಹತ್ತಿತು. ತಂಡದಲ್ಲಿದ್ದವರೆಲ್ಲ ವೈದ್ಯರಲ್ಲ, ಚೌಧರಿ ಖಲೀಕುಝ್ಝಮಾನ್, ಶುಐಬ್ ಖುರೇಶಿ, ಅಬ್ದುರ್ರಹ್ಮಾನ್ ಸಿದ್ದೀಖಿ, ಅಬ್ದುರ್ರಹ್ಮಾನ್ ಪೇಶಾವರಿಯಂತಹ ಅಲಿಗಢದ ತರುಣರು ಓದು ಬಿಟ್ಟು ಪಟ್ಟಿ ಕಟ್ಟುವ, ರೋಗಿಗಳನ್ನು ಹೊರುವ ಕೆಲಸಕ್ಕೆಂದು ಹೊರಟಿದ್ದರು. ಇಸ್ತಾಂಬುಲ್‌ನಲ್ಲಿ ‘ಹಿಲಾಲ್ ಎ ಅಹ್ಮರ್’, ಅಂದರೆ ಕೆಂಪು ಅರ್ಧಚಂದ್ರ ಸಂಸ್ಥೆಯ ಜೊತೆ ಸೇರಿ ಅವರು ಗಾಯಾಳುಗಳ ಸೇವೆ ಮಾಡಿದರು, ಚತಾಲ್ಜಾ ಸಾಲಿನ ಹಿಂದೆ ಓಮರ್ಲಿಯಲ್ಲಿ ಕ್ಷೇತ್ರ ಆಸ್ಪತ್ರೆಯನ್ನು ನಡೆಸಿದರು. ಮುಹಾಜಿರರಿಗೆ ಅನಾಟೋಲಿಯಾದಲ್ಲಿ ನೆಲೆ ಒದಗಿಸುವ ಯೋಜನೆಯ ಬಗ್ಗೆಯೂ ಅನ್ಸಾರಿಯವರು ಅಲ್ಲಿನ ಸರ್ಕಾರದೊಂದಿಗೆ ಮಾತುಕತೆ ನಡೆಸಿದರು. ಇದೆಲ್ಲದರ ವರದಿಯನ್ನು ಅವರು ಪತ್ರಗಳಾಗಿ ಕಳಿಸುತ್ತಿದ್ದರು, ‘ಕಾಮ್ರೇಡ್’ ಅವುಗಳನ್ನು ಅಚ್ಚು ಹಾಕುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಪತ್ರಗಳು ಆಸ್ಪತ್ರೆಯಷ್ಟೇ ಮುಖ್ಯ: ರಾಂಪುರದಲ್ಲೋ ಲಖನೌದಲ್ಲೋ ಬಳೆ ಬಿಚ್ಚಿ ಕೊಟ್ಟ ಹೆಂಗಸಿಗೆ ತನ್ನ ಬಳೆ ಯಾವ ಹಾಸಿಗೆಯಾಯಿತು ಎಂದು ತಿಳಿಯುವ ಹಕ್ಕಿತ್ತು, ಅನ್ಸಾರಿ ಆ ಹಕ್ಕನ್ನು ಗೌರವಿಸಿದರು. 1913ರ ಜುಲೈನಲ್ಲಿ ತಂಡ ಮರಳಿತು. ಪೇಶಾವರಿ ಮಾತ್ರ ಅಲ್ಲಿಯೇ ಉಳಿದರು. ಮುಂದೆ ಅವರು ಕಾಬೂಲಿಗೆ ಅಂಕಾರಾ ಸರ್ಕಾರದ ರಾಯಭಾರಿಯಾಗಿ ಹೋದರು, 1925ರಲ್ಲಿ ಇಸ್ತಾಂಬುಲ್‌ನಲ್ಲಿ ಗುಂಡೇಟಿಗೆ ಬಲಿಯಾದರು.

ಈ ಕೆಲಸಕ್ಕೆ ಬ್ರಿಟಿಷ್ ಸರ್ಕಾರ ಅಡ್ಡಿಪಡಿಸಲಿಲ್ಲ, ಏಕೆಂದರೆ ಬಾಲ್ಕನ್ ಯುದ್ಧದಲ್ಲಿ ಬ್ರಿಟನ್ ತಟಸ್ಥವಾಗಿತ್ತು. 1914ರಲ್ಲಿ ತುರ್ಕಿ ಜರ್ಮನಿಯ ಪಕ್ಷ ಸೇರಿದಾಗ ಆ ದಾರಿ ಮುಚ್ಚಿತು. ಮರುವರ್ಷ ಅಲಿ ಸಹೋದರರನ್ನು, ಅಂದರೆ ಮುಹಮ್ಮದ್ ಅಲಿ ಮತ್ತು ಶೌಕತ್ ಅಲಿಯವರನ್ನು, ಬಂಧನದಲ್ಲಿ ಇಟ್ಟರು.

ಎರಡನೆಯ ಸಂಗ್ರಹ ಹುಟ್ಟಿದ್ದು ಈ ಮುಚ್ಚಿದ ದಾರಿಯಲ್ಲಿಯೇ. 1919ರ ಮೇ 15ರಂದು ಗ್ರೀಕ್ ಸೇನೆ ಇಝ್ಮಿರ್‌ನಲ್ಲಿ, ಆಗಿನ ಹೆಸರಿನಲ್ಲಿ ಸ್ಮಿರ್ನಾದಲ್ಲಿ, ಇಳಿಯಿತು. ಅಲ್ಲಿನ ಸಂತ್ರಸ್ತರಿಗಾಗಿ ಸ್ಮಿರ್ನಾ ನಿಧಿಯನ್ನೂ, ಅಂಕಾರಾದಿಂದ ಹೋರಾಡುತ್ತಿದ್ದ ಮುಸ್ತಫಾ ಕೆಮಾಲರ ಸರ್ಕಾರಕ್ಕಾಗಿ ಅಂಗೋರಾ (ಅಂಕಾರಾದ ಆಗಿನ ಹೆಸರು) ನಿಧಿಯನ್ನೂ ಖಿಲಾಫತ್ ಸಮಿತಿ ಕೂಡಿಸಿತು. ಸಮಿತಿಯ ಕೇಂದ್ರ ಮುಂಬಯಿಯಲ್ಲಿತ್ತು, ಆದರೆ ಚಳವಳಿ ಎಲ್ಲ ಕಡೆ ಹಬ್ಬಿತ್ತು. ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಅದರ ಪ್ರಚಾರಕ್ಕಾಗಿ 1920ರ ಆಗಸ್ಟ್ 19ರಂದು ಮಂಗಳೂರಿಗೂ ಬಂದಿದ್ದರು. ಅಲಿ ಸಹೋದರರ ತಾಯಿ ಬೀ ಅಮ್ಮಾ ಇಳಿವಯಸ್ಸಿನಲ್ಲಿ ಊರೂರು ಸುತ್ತಿ ಹಣ ಕೂಡಿಸಿದರು. ಒಂದು ರೂಪಾಯಿ ಕೊಟ್ಟವರಿಗೆ ಸಮಿತಿ ಕೊಡುತ್ತಿದ್ದ ಅಚ್ಚಿನ ರಸೀದಿ ನೋಡಲು ಸರ್ಕಾರದ ನೋಟಿನಂತೆಯೇ ಇದ್ದು, ಅದರ ಮೇಲೆ ಕುರ್‌ಆನಿನ ವಚನವಿರುತ್ತಿತ್ತು.

ಈ ಹಣಕ್ಕೆ ಮೊದಲ ಪೆಟ್ಟು ಬಿದ್ದದ್ದು ಅಂಕಾರಾದಲ್ಲಲ್ಲ, ಮುಂಬಯಿಯಲ್ಲಿ. ಸಮಿತಿಯ ಅಧ್ಯಕ್ಷರಾಗಿದ್ದ ಮರದ ವ್ಯಾಪಾರಿ ಸೇಠ್ ಛೋಟಾನಿಯವರು ಸುಮಾರು 16 ಲಕ್ಷ ರೂಪಾಯಿಗಳನ್ನು ತಮ್ಮ ವ್ಯಾಪಾರದಲ್ಲಿ ತೊಡಗಿಸಿದ್ದರು ಎಂಬುದು 1922ರ ಕೊನೆಯ ಹೊತ್ತಿಗೆ ಬಯಲಾಯಿತು. ನಗದು ಮರಳಿಸಲಾಗದೆ ಅವರು ತಮ್ಮ ಮರ ಕೊಯ್ಯುವ ಮಿಲ್ಲುಗಳನ್ನು ಸಮಿತಿಗೆ ಬಿಟ್ಟುಕೊಟ್ಟರು. ಅಮಾನತ್, ಅಂದರೆ ನಂಬಿ ಒಪ್ಪಿಸಿದ್ದು, ಎಂದು ಇಟ್ಟುಕೊಂಡ ಹಣವನ್ನು, ನಾಳೆ ತುಂಬಿಸಿಡುತ್ತೇನೆ ಎಂಬ ನಂಬಿಕೆಯಲ್ಲಿ ಮುಟ್ಟಿದರೂ ಅದು ಅಮಾನತ್ತಿಗೆ ಮಾಡಿದ ದ್ರೋಹವೇ. ಚಂದಾ ಕೊಟ್ಟವರ ಕೋಪಕ್ಕೆ ನ್ಯಾಯವಾದ ಕಾರಣ ಇಲ್ಲಿದೆ ಎಂದೇ ನಾನು ತಿಳಿಯುತ್ತೇನೆ.

ಅಂಕಾರಾಕ್ಕೆ ತಲುಪಿದ ಹಣ ಕಡಿಮೆಯದೇನೂ ಅಲ್ಲ. 1921ರ ಡಿಸೆಂಬರ್‌ನಿಂದ 1922ರ ಆಗಸ್ಟ್‌ವರೆಗೆ ಮುಸ್ತಫಾ ಕೆಮಾಲರ ಹೆಸರಿಗೆ ಬಂದ ಭಾರತದ ಚಂದಾ ಸುಮಾರು 6 ಲಕ್ಷ 75 ಸಾವಿರ ಲಿರಾ ಎಂಬ ಲೆಕ್ಕವನ್ನು ತುರ್ಕಿಯ ಇತಿಹಾಸ ಬರಹಗಳು ಕೊಡುತ್ತವೆ. ಅದರ ಬಹುಪಾಲು 1922ರ ಆಗಸ್ಟ್ 26ರಂದು ಆರಂಭವಾದ ಮಹಾ ದಾಳಿಗೆ ಮುನ್ನ ಸೇನೆಯ ಖರ್ಚಿಗೆ ಹೋಯಿತು. ಆ ದಾಳಿಯಲ್ಲಿ ಗೆದ್ದು ಸೆಪ್ಟೆಂಬರ್ 9ರಂದು ತುರ್ಕಿ ಸೇನೆ ಇಝ್ಮಿರ್ ಪ್ರವೇಶಿಸಿತು. ಯುದ್ಧ ಮುಗಿದ ಮೇಲೆ ಸರ್ಕಾರ ಆ ಹಣದ ಒಂದು ಭಾಗವನ್ನು ಕೆಮಾಲರಿಗೆ ಮರಳಿಸಿತು, ಅದರಲ್ಲಿ 2 ಲಕ್ಷ 50 ಸಾವಿರ ಲಿರಾವನ್ನು ಅವರು 1924ರ ಆಗಸ್ಟ್ 26ರಂದು, ಮಹಾ ದಾಳಿಯ ಎರಡನೆಯ ವಾರ್ಷಿಕ ದಿನದಂದೇ, ಸ್ಥಾಪನೆಯಾದ ‘ಇಶ್ ಬ್ಯಾಂಕ್’ಗೆ ಬಂಡವಾಳವಾಗಿ ಹಾಕಿದರು. ಅದಕ್ಕೆ ಸುಮಾರು ಆರು ತಿಂಗಳು ಮೊದಲು, ಮಾರ್ಚ್ 3ರಂದು, ಯಾವ ಖಿಲಾಫತ್ತಿನ ಹೆಸರಿನಲ್ಲಿ ಚಂದಾ ಎತ್ತಿದ್ದರೋ ಆ ಖಿಲಾಫತ್ತನ್ನೇ ಅಂಕಾರಾದ ಶಾಸನಸಭೆ ರದ್ದುಪಡಿಸಿತ್ತು. ಭಾರತದ ದಾನಿಗಳಿಗೆ ಇವೆರಡೂ ಒಂದರ ಹಿಂದೆ ಒಂದರಂತೆ ಬಡಿದವು.

ಇದು ಮೋಸವೇ? ಅಷ್ಟು ದೊಡ್ಡ ಮಾತನ್ನು ನಾನು ಬಳಸಲಾರೆ. ಅಂಗೋರಾ ನಿಧಿಗೆ ಕೊಟ್ಟವರು ಯುದ್ಧ ನಡೆಸುತ್ತಿದ್ದ ಸರ್ಕಾರಕ್ಕೆ ಕೊಡುತ್ತಿದ್ದೇವೆ ಎಂದು ತಿಳಿದೇ ಕೊಟ್ಟರು, ಆ ಸರ್ಕಾರ ಯುದ್ಧ ಗೆದ್ದಿತು, ಹಣ ಸೈನಿಕರಿಗೆ ಒದಗಿತು. ಆದರೆ ಉಳಿದ ಹಣವನ್ನು ಮುಹಾಜಿರರಿಗೆ ಕೊಡದೆ ಬ್ಯಾಂಕಿನ ಷೇರುಗಳಾಗಿಸಿದ್ದು ಕೊಟ್ಟವರ ನಿಯ್ಯತ್ತಿಗೆ, ಅಂದರೆ ಉದ್ದೇಶಕ್ಕೆ, ಹೊಂದುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಗ್ರೀಸ್ ಮತ್ತು ತುರ್ಕಿಯ ನಡುವೆ ಜನರ ವಿನಿಮಯ ನಡೆದು ಲಕ್ಷಾಂತರ ಮುಸ್ಲಿಮರು ಅನಾಟೋಲಿಯಾಕ್ಕೆ ಬಂದು ಬೀಳುತ್ತಿದ್ದ ಹೊತ್ತು ಅದು. 1913ರಲ್ಲಿ ಭಾರತದ ಹಣದ ಜೊತೆ ಭಾರತದ ಜನರೂ ಹೋಗಿದ್ದರು, ಖರ್ಚು ಮಾಡಿದವರೇ ಊರಿಗೆ ಪತ್ರ ಬರೆದರು. 1922ರಲ್ಲಿ ಹಣ ಮಾತ್ರ ಹೋಯಿತು, ಜೊತೆಗೆ ಯಾರೂ ಹೋಗಲಿಲ್ಲ, ಒಬ್ಬ ನಾಯಕರ ಹೆಸರಿನ ಖಾತೆಗೆ ಅದು ಜಮೆಯಾಯಿತು.

ಆ ಷೇರುಗಳ ಮುಂದಿನ ಕಥೆಯೂ ದಾಖಲೆಯಲ್ಲಿದೆ. 1938ರಲ್ಲಿ ಬರೆದ ಉಯಿಲಿನಲ್ಲಿ ಮುಸ್ತಫಾ ಕೆಮಾಲ್ ಅತಾತುರ್ಕ್ ತಮ್ಮ ಷೇರುಗಳನ್ನು ತಮ್ಮ ಪಕ್ಷವಾದ ರಿಪಬ್ಲಿಕನ್ ಪೀಪಲ್ಸ್ ಪಾರ್ಟಿಗೆ ಬಿಟ್ಟರು. ಆದರೆ ಅದರಿಂದ ಬರುವ ಆದಾಯದಲ್ಲಿ ತಮ್ಮ ತಂಗಿ, ದತ್ತು ಮಕ್ಕಳು ಮುಂತಾದ ಕೆಲವರಿಗೆ ಗೊತ್ತುಪಡಿಸಿದ ಮೊತ್ತ ಕಳೆದು ಉಳಿದದ್ದು ತುರ್ಕಿ ಭಾಷಾ ಸಂಸ್ಥೆಗೂ ತುರ್ಕಿ ಇತಿಹಾಸ ಸಂಸ್ಥೆಗೂ ಸಮನಾಗಿ ಹೋಗಬೇಕು ಎಂದು ವಿಧಿಸಿದರು. ಬ್ಯಾಂಕಿನ ಶೇಕಡಾ 28ರಷ್ಟು ಷೇರುಗಳು ಈಗಲೂ ಆ ಉಯಿಲಿನ ಅಡಿಯಲ್ಲಿಯೇ ಇವೆ.