ಸೂಪರ್ ವೀಸಾ: ಕೆನಡಾಕ್ಕೆ ಹೊರಟ ಅಪ್ಪ-ಅಮ್ಮ ತಿಳಿದಿರಬೇಕಾದದ್ದು

ರಿಟೈರ್ ಆದ ಮೇಲೆ ಕೆನಡಾದಲ್ಲಿರುವ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಇರೋಣ ಅಂತ ಯೋಚಿಸುವವರ ಮನೆಗಳಲ್ಲಿ ‘ಸೂಪರ್ ವೀಸಾ’ ಅನ್ನುವ ಮಾತು ಬಂದೇ ಬರುತ್ತದೆ. ಹತ್ತು ವರ್ಷದ ವೀಸಾ, ಒಂದು ಸಲ ಹೋದರೆ ಐದು ವರ್ಷ ಇರಬಹುದು ಅಂತ ಯಾರೋ ಹೇಳಿರುತ್ತಾರೆ. ಅದು ನಿಜ. ಆದರೆ ಅಲ್ಲಿ ಇರುವಾಗ ಹುಷಾರು ತಪ್ಪಿದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಈ ವೀಸಾ ಕೊಡುವ ಉತ್ತರ ಅನೇಕರಿಗೆ ಗೊತ್ತಿರುವುದಿಲ್ಲ. ಅರವತ್ತು ದಾಟಿದವರಿಗೆ ಮುಖ್ಯವಾದದ್ದು ಅದೇ ಅಲ್ವಾ?

ಕೆನಡಾದ ಪ್ರಜೆ ಅಥವಾ ಪರ್ಮನೆಂಟ್ ರೆಸಿಡೆಂಟ್ ಆಗಿರುವವರ ತಂದೆ-ತಾಯಿಗೆ, ಅಜ್ಜ-ಅಜ್ಜಿಗೆ ಕೊಡುವ ದೀರ್ಘಾವಧಿಯ ವಿಸಿಟರ್ ವೀಸಾಕ್ಕೆ ಸೂಪರ್ ವೀಸಾ ಅನ್ನುತ್ತಾರೆ. ಮಗಳು ಇನ್ನೂ ವರ್ಕ್ ಪರ್ಮಿಟ್‌ನಲ್ಲಿದ್ದರೆ ಅವಳ ಹೆಸರಿನಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಚಿಕ್ಕಪ್ಪ, ದೊಡ್ಡಮ್ಮ, ಅಣ್ಣ-ತಮ್ಮಂದಿರಿಗೂ ಇದು ಸಿಗುವುದಿಲ್ಲ. ಥಾಯ್ಲೆಂಡ್‌ನಂಥ ಕೆಲವು ದೇಶಗಳಲ್ಲಿ 50 ದಾಟಿದ ವಿದೇಶಿಯರಿಗೆ ನಿವೃತ್ತಿ ವೀಸಾ ಅಂತಲೇ ಇದೆ. ಕೆನಡಾದಲ್ಲಿ ಅಂಥದ್ದು ಇಲ್ಲ. ತಂದೆ-ತಾಯಿಯನ್ನು ಖಾಯಂ ಆಗಿ ಕರೆಸಿಕೊಳ್ಳುವ ಸ್ಪಾನ್ಸರ್‌ಶಿಪ್ ದಾರಿ ಒಂದಿದೆ, ಆದರೆ ತುಂಬ ಕಿರಿದು. 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ಆಮೇಲೆ ಹಲವು ವರ್ಷ ಜನರನ್ನು ಆರಿಸುತ್ತಾ ಬಂದರು. ಹಾಗಾಗಿ ಹೆಚ್ಚಿನವರ ಪಾಲಿಗೆ ಉಳಿಯುವುದು ಸೂಪರ್ ವೀಸಾ ಒಂದೇ.

ಇದು ಶುರುವಾದದ್ದು 2011ರ ಡಿಸೆಂಬರ್‌ನಲ್ಲಿ. ಆಗ ಒಂದು ಸಲ ಹೋದರೆ ಎರಡು ವರ್ಷ ಇರಬಹುದಿತ್ತು. 2022ರ ಜುಲೈಯಿಂದ ಅದನ್ನು ಐದು ವರ್ಷಕ್ಕೆ ಏರಿಸಿದರು. ಮಾಮೂಲಿ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ. ಆದರೆ ಐದು ವರ್ಷ ಅಲ್ಲೇ ಇದ್ದರೂ ಕಾನೂನಿನ ಕಣ್ಣಿನಲ್ಲಿ ನೀವು ವಿಸಿಟರ್ ಅಷ್ಟೇ. ದುಡಿಯುವ ಹಾಗಿಲ್ಲ. ಸರ್ಕಾರಿ ಆರೋಗ್ಯ ಸೇವೆಯೂ ಇಲ್ಲ. ಒಂಟಾರಿಯೊದಲ್ಲಿ ಮಗನಿಗೆ ಅಲ್ಲಿನ ಪ್ರಾಂತ್ಯದ ಹೆಲ್ತ್ ಕಾರ್ಡ್ ಇರುತ್ತದೆ, ಮೊಮ್ಮಗಳಿಗೂ ಇರುತ್ತದೆ. ಅದೇ ಮನೆಯಲ್ಲಿರುವ ಅಜ್ಜಿಗೆ ಇರುವುದಿಲ್ಲ.

ಅದಕ್ಕೇ ಇನ್ಶೂರೆನ್ಸ್ ಕಡ್ಡಾಯ. ಕನಿಷ್ಠ 1,00,000 ಕೆನಡಾ ಡಾಲರ್ ಮೊತ್ತದ ಪಾಲಿಸಿ ಇರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 60 ಲಕ್ಷ ರೂಪಾಯಿಯ ಆಸುಪಾಸು. ಕೆನಡಾಕ್ಕೆ ಕಾಲಿಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಅದು ಚಾಲ್ತಿಯಲ್ಲಿರಬೇಕು. ಚಿಕಿತ್ಸೆ, ಆಸ್ಪತ್ರೆ ವಾಸ, ಜೊತೆಗೆ ಊರಿಗೆ ವಾಪಸ್ ಕಳಿಸುವ ಖರ್ಚು ಈ ಮೂರೂ ಅದರಲ್ಲಿ ಸೇರಿರಬೇಕು. ಬರೀ ಕೊಟೇಶನ್ ತೋರಿಸಿದರೆ ಒಪ್ಪುವುದಿಲ್ಲ, ಹಣ ಕಟ್ಟಿರಬೇಕು. ಕಂತಿನಲ್ಲಿ ಕಟ್ಟುವುದಾದರೆ ಮುಂಗಡ ಕೊಟ್ಟ ದಾಖಲೆ ಬೇಕು. ಮೊದಲು ಕೆನಡಾದ ಕಂಪನಿಯಿಂದಲೇ ಕೊಳ್ಳಬೇಕಿತ್ತು. 2025ರ ಜನವರಿ 28ರಿಂದ ಹೊರದೇಶದ ಕಂಪನಿಗಳ ಪಾಲಿಸಿಗೂ ಅವಕಾಶ ಕೊಟ್ಟಿದ್ದಾರೆ. ಹಾಗಂತ ಇಲ್ಲಿ ಸಿಗುವ ಯಾವುದೋ ಟ್ರಾವೆಲ್ ಇನ್ಶೂರೆನ್ಸ್ ಸಾಕಾಗುವುದಿಲ್ಲ. ಆ ಕಂಪನಿಗೆ ಕೆನಡಾದ ಹಣಕಾಸು ನಿಯಂತ್ರಣ ಸಂಸ್ಥೆಯಾದ ಓಸ್ಫಿಯ ಅನುಮತಿ ಇರಬೇಕು, ಅವರ ಪಟ್ಟಿಯಲ್ಲಿ ಹೆಸರಿರಬೇಕು. ಪಾಲಿಸಿ ಕೂಡ ಅದರ ಕೆನಡಾ ವಹಿವಾಟಿನಲ್ಲೇ ಕೊಟ್ಟದ್ದಾಗಿರಬೇಕು.

ವೀಸಾಕ್ಕೆ ಮೆಡಿಕಲ್ ಪರೀಕ್ಷೆಯೂ ಇದೆ. ಕೆನಡಾ ಸರ್ಕಾರ ಗೊತ್ತುಮಾಡಿದ ಡಾಕ್ಟರ ಹತ್ತಿರವೇ ಹೋಗಬೇಕು. ಬೆಂಗಳೂರಿನಲ್ಲಿ ಅಂಥವರಿದ್ದಾರೆ. ಈ ಪರೀಕ್ಷೆ ಪಾಸಾದರೆ ಇನ್ಶೂರೆನ್ಸ್ ಕೂಡ ಎಲ್ಲಕ್ಕೂ ಹಣ ಕೊಡುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಮೆಡಿಕಲ್ ಪರೀಕ್ಷೆ ಸರ್ಕಾರದ್ದು. ಇನ್ಶೂರೆನ್ಸ್ ಕಂಪನಿ ತನ್ನದೇ ಪ್ರಶ್ನೆಗಳನ್ನು ಕೇಳುತ್ತದೆ, ತನ್ನದೇ ಷರತ್ತು ಹಾಕುತ್ತದೆ.

ಆ ಷರತ್ತುಗಳಲ್ಲಿ ಒಂದನ್ನು ನಿಧಾನವಾಗಿ ನೋಡಲೇಬೇಕು. ಅದು ‘ಸ್ಟೇಬಲ್’ ಅನ್ನುವ ಮಾತು. ಬಿ.ಪಿ., ಶುಗರ್, ಹೃದಯದ ತೊಂದರೆ ಮೊದಲೇ ಇದ್ದರೆ ಅವುಗಳನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳುವ ಕಂಪನಿಗಳಿವೆ. ಆದರೆ ಪಾಲಿಸಿ ಶುರುವಾಗುವ ದಿನಕ್ಕಿಂತ ಹಿಂದಿನ ಇಂತಿಷ್ಟು ದಿನ ಆ ಕಾಯಿಲೆ ಸ್ಟೇಬಲ್ ಆಗಿರಬೇಕು ಅನ್ನುತ್ತವೆ. ಕೆಲವು ಪಾಲಿಸಿಗಳಲ್ಲಿ 90 ದಿನ, ಕೆಲವದರಲ್ಲಿ 180 ದಿನ. ಇಲ್ಲಿ ಸ್ಟೇಬಲ್ ಅಂದರೆ ಬಿ.ಪಿ. ಕಂಟ್ರೋಲ್‌ನಲ್ಲಿದೆ ಅಂತಷ್ಟೇ ಅಲ್ಲ. ಹೊಸ ಮಾತ್ರೆ ಶುರು ಮಾಡಿರಬಾರದು, ಇದ್ದ ಮಾತ್ರೆ ಬದಲಾಗಿರಬಾರದು, ಡೋಸ್ ಏರಿರಬಾರದು. ಅನೇಕ ಪಾಲಿಸಿಗಳಲ್ಲಿ ಡೋಸ್ ಇಳಿಸಿದ್ದೂ ಬದಲಾವಣೆಯೇ. ಹೊಸ ರೋಗಲಕ್ಷಣ ಕಂಡು ಟೆಸ್ಟ್ ಬರೆಸಿಕೊಂಡು ಅದರ ರಿಪೋರ್ಟ್ ಇನ್ನೂ ಬರಬೇಕಾಗಿದ್ದರೂ ಸ್ಟೇಬಲ್ ಅಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂದರೆ, ವಿಮಾನ ಹತ್ತುವ ಹದಿನೈದು ದಿನ ಮುಂಚೆ ‘ಹೋಗೋ ಮುಂಚೆ ಒಂದ್ಸಲ ತೋರಿಸ್ಕೊಂಡು ಬಂದುಬಿಡಿ’ ಅಂತ ಮಕ್ಕಳು ಫೋನ್ ಮಾಡುತ್ತಾರೆ. ಅಪ್ಪ ಡಾಕ್ಟರ ಹತ್ತಿರ ಹೋಗುತ್ತಾರೆ. ಬಿ.ಪಿ. ಸ್ವಲ್ಪ ಜಾಸ್ತಿ ಇದೆ ಅಂತ ಡಾಕ್ಟರು 5 ಎಂ.ಜಿ. ಅಮ್ಲೋಡಿಪಿನ್ ಅನ್ನು 10 ಎಂ.ಜಿ. ಮಾಡುತ್ತಾರೆ. ಡಾಕ್ಟರು ಮಾಡಿದ್ದು ಸರಿಯೇ. ಆದರೆ ಆ ಚೀಟಿಯ ದಿನಾಂಕದಿಂದ ಸ್ಟೇಬಲ್ ಲೆಕ್ಕ ಮತ್ತೆ ಮೊದಲಿಂದ ಶುರು. ಟೊರೊಂಟೊಗೆ ಹೋದ ತಿಂಗಳಲ್ಲೇ ಬಿ.ಪಿ.ಗೆ ಸಂಬಂಧಿಸಿದ ತೊಂದರೆಯಿಂದ ಎಮರ್ಜೆನ್ಸಿಗೆ ಸೇರಿಸಬೇಕಾಗಿ ಬಂದರೆ ಕಂಪನಿ ಊರಿನ ಚೀಟಿಗಳನ್ನು ತರಿಸಿಕೊಂಡು ನೋಡುತ್ತದೆ. ಕ್ಲೈಮ್ ನಿರಾಕರಿಸುವುದಕ್ಕೆ ಅಷ್ಟು ಸಾಕು.

ಅದಕ್ಕೆ ಪೂರ್ತಿ ಚೆಕಪ್ ಅನ್ನು ಟಿಕೆಟ್ ಬುಕ್ ಮಾಡುವುದಕ್ಕಿಂತ ಬಹಳ ಮುಂಚೆ, ಆರೇಳು ತಿಂಗಳು ಇರುವಾಗಲೇ ಮಾಡಿಸಿಕೊಳ್ಳಿ. ಬದಲಾಗಬೇಕಾದ ಮಾತ್ರೆ ಆಗಲೇ ಬದಲಾಗಲಿ. ಹೊರಡುವ ಹೊತ್ತಿಗೆ ನಿಜವಾಗಿಯೂ ಹುಷಾರಿಲ್ಲ ಅನಿಸಿದರೆ ಇನ್ಶೂರೆನ್ಸ್ ನೆನೆದು ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ಚಿಕಿತ್ಸೆ ತೆಗೆದುಕೊಳ್ಳಿ, ಕಂಪನಿಗೆ ತಿಳಿಸಿ, ಬೇಕಿದ್ದರೆ ಪ್ರಯಾಣ ಮುಂದಕ್ಕೆ ಹಾಕಿ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡುವುದಂತೂ ಬೇಡವೇ ಬೇಡ. ಪ್ರೀಮಿಯಂ ಸ್ವಲ್ಪ ಉಳಿಯುತ್ತದೆ ಅಂತ ‘ಶುಗರ್ ಇಲ್ಲ’ ಅಂತ ಟಿಕ್ ಮಾಡಿದರೆ ಪಾಲಿಸಿಯೇ ರದ್ದಾಗಬಹುದು. ಆಗ ಸಾವಿರಗಟ್ಟಲೆ ಡಾಲರ್ ಬಿಲ್ ಮಗನ ತಲೆಯ ಮೇಲೆ ಬೀಳುತ್ತದೆ. ಫಾರ್ಮ್ ತುಂಬುವುದು ಸಾಮಾನ್ಯವಾಗಿ ಅಲ್ಲಿರುವ ಮಕ್ಕಳು. ಅಪ್ಪ ನುಂಗುವ ಮಾತ್ರೆಗಳೆಲ್ಲ ಅವರಿಗೆ ಗೊತ್ತಿರುವುದಿಲ್ಲ. ಮಾತ್ರೆ ಹಾಳೆಗಳ ಫೋಟೊ, ಡಾಕ್ಟರ ಚೀಟಿಗಳ ಫೋಟೊ ಮೊದಲೇ ಕಳಿಸಿಬಿಡಿ.

ಇನ್ನೊಂದು ವಿಷಯ. ಈ ಪಾಲಿಸಿಗಳು ಇರುವುದು ಎಮರ್ಜೆನ್ಸಿಗೆ. ತಿಂಗಳ ಬಿ.ಪಿ. ಮಾತ್ರೆ, ಮಾಮೂಲಿ ಶುಗರ್ ಟೆಸ್ಟ್, ಕನ್ನಡಕ ಇವೆಲ್ಲ ಸಾಮಾನ್ಯವಾಗಿ ಕೈಯಿಂದಲೇ. ಊರಿನಿಂದ ಒಯ್ಯಬಹುದಾದ ಮಾತ್ರೆಗೂ ಮಿತಿ ಇದೆ, ಹೆಚ್ಚೆಂದರೆ 90 ದಿನಕ್ಕಾಗುವಷ್ಟು. ಆಮೇಲೆ ಅಲ್ಲಿನ ಕ್ಲಿನಿಕ್‌ಗೆ ಫೀಸು ಕೊಟ್ಟು ಚೀಟಿ ಬರೆಸಿಕೊಳ್ಳಬೇಕು. ಐದು ವರ್ಷ ಇರುವ ಯೋಚನೆ ಇದ್ದರೆ ಈ ಖರ್ಚನ್ನು ಮನೆಯವರು ಕೂತು ಮೊದಲೇ ಲೆಕ್ಕ ಹಾಕಬೇಕು. ಪಾಲಿಸಿಯನ್ನು ಮುಗಿಯುವ ಮುಂಚೆಯೇ ನವೀಕರಿಸುತ್ತಾ ಹೋಗಬೇಕು. ವಯಸ್ಸು ಏರಿದ ಹಾಗೆ ಪ್ರೀಮಿಯಂ ಕೂಡ ಏರುತ್ತದೆ.

ಮಕ್ಕಳ ಕಡೆಯಿಂದ ಆಗಬೇಕಾದದ್ದೂ ಇದೆ. ಅಪ್ಪ-ಅಮ್ಮನನ್ನು ನೋಡಿಕೊಳ್ಳುತ್ತೇವೆ ಅಂತ ಸಹಿ ಹಾಕಿದ ಆಹ್ವಾನ ಪತ್ರ ಕೊಡಬೇಕು, ಸರ್ಕಾರ ಹೇಳಿದಷ್ಟು ಆದಾಯ ತೋರಿಸಬೇಕು. ಆ ಆದಾಯದ ಮಿತಿ ಮನೆಮಂದಿಯ ಸಂಖ್ಯೆಯ ಮೇಲೆ ನಿಂತಿದೆ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ಇಬ್ಬರು ಹೋಗುವುದಾದರೆ ಐದು ಜನರ ಲೆಕ್ಕ.

ಪಾಲಿಸಿಯ ಪ್ರಿಂಟ್ ಅನ್ನು ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಬಹುದು. ಅವರು ಪಾಸ್‌ಪೋರ್ಟ್‌ನಲ್ಲಿ ಇಂಥ ದಿನದೊಳಗೆ ಹೊರಡಬೇಕು ಅಂತ ಬರೆದರೆ ಅದೇ ನಿಮ್ಮ ಗಡುವು. ನಡುವೆ ಊರಿಗೆ ಬಂದು ಮತ್ತೆ ಹೋಗುವಾಗಲೂ ಚಾಲ್ತಿಯಲ್ಲಿರುವ ಪಾಲಿಸಿ ಇರಲೇಬೇಕು.

ಇಲ್ಲಿರುವ ಹೆಲ್ತ್ ಇನ್ಶೂರೆನ್ಸ್ ಅನ್ನು ಮಾತ್ರ ನಿಲ್ಲಿಸಬೇಡಿ. ಅಲ್ಲಿರುವಾಗ ಎರಡೆರಡು ಪ್ರೀಮಿಯಂ ಕಟ್ಟುವುದು ಸುಮ್ನೆ ದಂಡ ಅನಿಸಬಹುದು. ಆದರೆ ನಿಲ್ಲಿಸಿ, ವಾಪಸ್ ಬಂದ ಮೇಲೆ ಹೊಸದಾಗಿ ಕೊಂಡರೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಎಪ್ಪತ್ತರ ವಯಸ್ಸಿನಲ್ಲಿ ಹೊಸ ಪಾಲಿಸಿ ಸಿಗುವುದೇ ಕಷ್ಟ. ಚಳಿ ತಡೆಯದೆಯೋ ಬೇಜಾರಾಗಿಯೋ ಐದು ವರ್ಷಕ್ಕೆ ಅಂತ ಹೋದವರು ಎರಡೇ ವರ್ಷಕ್ಕೆ ವಾಪಸ್ ಬರುವುದುಂಟು. ಕೆನಡಾದ ಪಾಲಿಸಿಯಲ್ಲಿ ಕ್ಲೈಮ್ ಮಾಡಿರದಿದ್ದರೆ ಉಳಿದ ತಿಂಗಳುಗಳ ಹಣವನ್ನು ಅನೇಕ ಕಂಪನಿಗಳು ಹಿಂದಿರುಗಿಸುತ್ತವೆ. ಕೊಳ್ಳುವಾಗಲೇ ಅದನ್ನು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ.