ಬಣ್ಣದ ಅಡಿಯಿಂದ ಏಳುವ ತುಕ್ಕು

ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಮಾದರಿ ರೈಲು ಎಷ್ಟೇ ಕರಾರುವಾಕ್ಕಾಗಿರಲಿ, ನೋಡಿದ ತಕ್ಷಣ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ. ನಿಜವಾದ ರೈಲು ಅಷ್ಟು ಚೊಕ್ಕಟವಾಗಿ ಇರೋದೇ ಇಲ್ಲ, ಅಲ್ವಾ? ಅದಕ್ಕೇ ಹವ್ಯಾಸಿಗಳು ಮಾದರಿಗೆ ಮಳೆ, ಬಿಸಿಲು, ಮಸಿ, ತುಕ್ಕು ತಗಲಿದ ಹಾಗೆ ಬಣ್ಣ ಹಚ್ಚುತ್ತಾರೆ. ಈ ಕೆಲಸಕ್ಕೆ ವೆದರಿಂಗ್ ಅನ್ನುತ್ತಾರೆ. ಇದಕ್ಕೆ ಕೈಚಳಕ ಬೇಕು, ನಿಜ. ಆದರೆ ತುಕ್ಕು ಎಲ್ಲಿ ಹುಟ್ಟುತ್ತದೆ, ಹೇಗೆ ಹರಡುತ್ತದೆ ಅಂತ ತಿಳಿಯದೆ ಹಚ್ಚಿದರೆ ಅದು ಬರೀ ಕಂದು ಚುಕ್ಕೆಯಾಗಿ ಉಳಿಯುತ್ತದೆ.

ಈ ಹವ್ಯಾಸದಲ್ಲಿ ತುಂಬಾ ಜನ ಇಷ್ಟಪಡುವ ಒಂದು ವ್ಯಾಗನ್ನನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ 16 ಟನ್ ಮಿನರಲ್ ವ್ಯಾಗನ್. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ತಯಾರಾದವು. ನಾಲ್ಕೇ ಚಕ್ರ, ಮೇಲೆ ತೆರೆದ ಉಕ್ಕಿನ ತೊಟ್ಟಿ, ಬೂದು ಬಣ್ಣ. ಪಕ್ಕದಲ್ಲಿ ಓರೆಯಾಗಿ ಒಂದು ಬಿಳಿ ಪಟ್ಟೆ. ತುದಿಯ ಬಾಗಿಲು ಯಾವ ಕಡೆಗಿದೆ ಅಂತ ತೋರಿಸಲು ಆ ಪಟ್ಟೆ. ಇವುಗಳ ಮುಖ್ಯ ಕೆಲಸ ಕಲ್ಲಿದ್ದಲು ಹೊರುವುದಾಗಿತ್ತು.

ತುಕ್ಕಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಒದ್ದೆ ಕಲ್ಲಿದ್ದಲು ತೊಟ್ಟಿಯಲ್ಲಿ ಕೂತಷ್ಟು ಹೊತ್ತೂ ಅದರ ಗಂಧಕ ಗಾಳಿ, ನೀರಿನ ಜೊತೆ ಸೇರಿ ನಿಧಾನವಾಗಿ ಗಂಧಕಾಮ್ಲವಾಗುತ್ತದೆ. ಮೇಲಿಂದ ಸುರಿಯುವ ಗಟ್ಟಿಗಳು ಒಳಗಿನ ಬಣ್ಣವನ್ನು ಕೆರೆದು ಹಾಕುತ್ತವೆ, ತಗಡನ್ನು ಹೊರಕ್ಕೆ ಉಬ್ಬಿಸುತ್ತವೆ. ಉಬ್ಬಿದ ಕಡೆ ಹೊರಗಿನ ಬಣ್ಣ ಬಿರಿಯುತ್ತದೆ. ಆ ಬಿರುಕಿಗೆ ನೀರು ಇಳಿಯುತ್ತದೆ.

ಮುಂದೆ ಏನಾಗುತ್ತದೆ ಅಂತ ತಿಳಿಯಲು ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಎವನ್ಸ್ ಮಾಡಿದ ಪ್ರಯೋಗ ನೋಡಬೇಕು. 1920ರ ದಶಕದಲ್ಲಿ ಅವರು ಉಜ್ಜಿ ಶುಚಿ ಮಾಡಿದ ಕಬ್ಬಿಣದ ಮೇಲೆ ಒಂದು ಹನಿ ಉಪ್ಪುನೀರು ಇಟ್ಟರು. ಕಬ್ಬಿಣ ಕರಗುವ ಕಡೆ ನೀಲಿ, ಆಮ್ಲಜನಕ ಕೆಲಸ ಮಾಡುವ ಕಡೆ ಗುಲಾಬಿ ಬಣ್ಣ ಬರುವ ರಾಸಾಯನಿಕಗಳು ಆ ನೀರಿನಲ್ಲಿದ್ದವು. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಅಂಚಿನ ಸುತ್ತ ಗುಲಾಬಿ ಕಾಣಿಸಿತು. ಎರಡರ ಮಧ್ಯೆ ತುಕ್ಕಿನ ಉಂಗುರ. ಅಂದರೆ ಗಾಳಿ ಜಾಸ್ತಿ ಸಿಗುವ ಅಂಚಿನಲ್ಲಿ ಕಬ್ಬಿಣ ಉಳಿಯುತ್ತದೆ, ಗಾಳಿ ಕಮ್ಮಿ ಇರುವ ನಡುವಿನಲ್ಲಿ ಕರಗುತ್ತದೆ. ಕರಗಿದ ಕಬ್ಬಿಣ ಹೊರಗೆ ಸರಿದು ಆಮ್ಲಜನಕವನ್ನು ಸೇರಿದಾಗ ಮಾತ್ರ ತುಕ್ಕಾಗುತ್ತದೆ.

ವ್ಯಾಗನ್ ಮೇಲೂ ಹೀಗೇ. ಬಣ್ಣ ಬಿರಿದ ಜಾಗದಲ್ಲಿ ಕಣ್ಣಿಗೆ ಕಾಣುವುದು ತುಕ್ಕು. ಆದರೆ ಉಕ್ಕು ಸವೆಯುತ್ತಿರುವುದು ಪಕ್ಕದಲ್ಲಿ, ಇನ್ನೂ ಗಟ್ಟಿಯಾಗಿರುವ ಹಾಗೆ ಕಾಣುವ ಬಣ್ಣದ ಅಡಿಯಲ್ಲಿ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಗೋಡೆಯ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡದ ಹಾಗೆ ಒಳಗಿಂದಲೇ ಬಣ್ಣವನ್ನು ಎತ್ತಿಬಿಡುತ್ತದೆ. ಮೊದಲು ಗುಳ್ಳೆ, ಆಮೇಲೆ ಸಿಪ್ಪೆ. ಬಣ್ಣ ಹೋದ ಮೇಲೆ ತುಕ್ಕು ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಬಹಳಷ್ಟು ಕಡೆ ನಡೆಯುವುದು ತಿರುಗುಮುರುಗು.

ಹೇರ್‌ಸ್ಪ್ರೇ ವಿಧಾನ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಮೊದಲು ಇಡೀ ವ್ಯಾಗನ್‌ಗೆ ತುಕ್ಕಿನ ಬಣ್ಣ ಬಳಿದು ಒಣಗಿಸುತ್ತಾರೆ. ಅದರ ಮೇಲೆ ಕೂದಲಿಗೆ ಹಾಕುವ ಸಾಮಾನ್ಯ ಹೇರ್‌ಸ್ಪ್ರೇ. ಅದು ಒಣಗಿದ ಮೇಲೆ ಅಕ್ರಿಲಿಕ್ ಬೂದು ಬಣ್ಣ ತೆಳುವಾಗಿ. ಈ ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಒಂದು ಮೂಲೆಗೆ ಬ್ರಶ್‌ನಿಂದ ನೀರು ಸವರಿ ಸುಮ್ನೆ ಕಾಯಬೇಕು. ಹೊಸ ಅಕ್ರಿಲಿಕ್ ಪದರದ ಸಣ್ಣ ರಂಧ್ರಗಳ ಮೂಲಕ ನೀರು ಇಳಿದು ಹೇರ್‌ಸ್ಪ್ರೇಯನ್ನು ಮೆತ್ತಗೆ ಮಾಡುತ್ತದೆ, ಏಕೆಂದರೆ ಅದರಲ್ಲಿರುವುದು ನೀರಿನಲ್ಲಿ ಕರಗುವ ಪಾಲಿಮರ್. ಆಮೇಲೆ ಗಡುಸು ಬ್ರಶ್‌ನಿಂದ ಮೆಲ್ಲಗೆ ಕುಟ್ಟಿದರೆ ಬೂದು ಬಣ್ಣ ಅಂಕುಡೊಂಕು ಅಂಚು ಬಿಟ್ಟು ಸಿಪ್ಪೆಯಾಗಿ ಏಳುತ್ತದೆ, ಅಡಿಯ ತುಕ್ಕು ಕಾಣುತ್ತದೆ. ನಿಜದ ವ್ಯಾಗನ್‌ನಲ್ಲಿ ಬಣ್ಣದ ಹಿಡಿತ ತಪ್ಪುವುದೂ ಅಡಿಯಿಂದಲೇ. ಬೂದು ಬಣ್ಣದ ಮೇಲೆ ಕಂದು ಚುಕ್ಕೆ ಇಟ್ಟು ಇಂಥ ಅಂಚು ತರಲು ಆಗುವುದೇ ಇಲ್ಲ.

ತುಕ್ಕು ಒಂದೇ ಬಣ್ಣದ್ದೂ ಅಲ್ಲ. ಎಳೆ ತುಕ್ಕು ಕಿತ್ತಳೆ. ಅದರಲ್ಲಿ ಲೆಪಿಡೋಕ್ರೋಸೈಟ್ ಎಂಬ ಖನಿಜ ಜಾಸ್ತಿ. ಕಾಲ ಕಳೆದ ಹಾಗೆ ಅದು ಗೋಥೈಟ್ ಆಗಿ ಕಂದಾಗುತ್ತದೆ. ಗಾಳಿ ಸರಿಯಾಗಿ ಸಿಗದ ಒಳಪದರದಲ್ಲಿ ಕಪ್ಪು ಮ್ಯಾಗ್ನೆಟೈಟ್ ಕೂಡುತ್ತದೆ. ಹಾಗಾಗಿ ಹಳೇ ತುಕ್ಕಿಗೆ ಗಾಢ ಕಂದು ಮೊದಲು, ಕಿತ್ತಳೆ ಕೊನೆಗೆ, ಅದೂ ನೀರು ಈಗಲೂ ನಿಲ್ಲುವ ಕಡೆ ಚೂರೇ ಚೂರು. ಎಲ್ಲ ಕಡೆ ಕಿತ್ತಳೆ ಬಳಿದ ಮಾದರಿ ನಿನ್ನೆ ರಾತ್ರಿ ತುಕ್ಕು ಹಿಡಿದಂತೆ ಕಾಣುತ್ತದೆ.

ಇನ್ನೊಂದು ವಿಷಯ ನನಗೆ ಬಲು ಖುಷಿ ಕೊಡುತ್ತದೆ. ಈ ಕೆಲಸಕ್ಕೆ ಬಳಸುವ ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್ ಬಣ್ಣಗಳು, ತುಕ್ಕಿನ ಪುಡಿಗಳು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್‌ಗಳೇ. ಹಳದಿ ಛಾಯೆಯ ರಾ ಸಿಯೆನ್ನಾ ಮಣ್ಣನ್ನು ಕಾಯಿಸಿದರೆ ಅದರ ಗೋಥೈಟ್ ನೀರು ಕಳೆದುಕೊಂಡು ಕೆಂಪು ಹೆಮಟೈಟ್ ಆಗುತ್ತದೆ. ಅದೇ ಬರ್ನ್ಟ್ ಸಿಯೆನ್ನಾ. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ, ಕಿಟಕಿ ಸರಳಿನ ಕೆಂಪು ಪ್ರೈಮರ್‌ಗೆ ಬಣ್ಣ ಕೊಡುವುದೂ ಇದೇ ವಸ್ತು. ಪ್ಲಾಸ್ಟಿಕ್ ವ್ಯಾಗನ್ ಮೇಲೆ ಕೂರುವ ನಕಲಿ ತುಕ್ಕು ರಸಾಯನ ಶಾಸ್ತ್ರದ ಪ್ರಕಾರ ತುಕ್ಕಿನ ಸ್ವಂತ ಬಳಗ.

ಬಣ್ಣ ಅಸಲಿಯಾದರೂ ಅಳತೆ ತೊಂದರೆ ಕೊಡುತ್ತದೆ. ಬ್ರಿಟನ್ನಿನ ಮಾದರಿ ರೈಲುಗಳ ಓಓ ಅಳತೆ ಸುಮಾರು 1:76, ಅಂದರೆ ನಿಜದ್ದರ 76ರಲ್ಲಿ ಒಂದು ಪಾಲು. ಐದು ಮೀಟರ್ ಉದ್ದದ ವ್ಯಾಗನ್ ಇದರಲ್ಲಿ 66 ಮಿಲಿಮೀಟರ್. ನಿಜದಲ್ಲಿ ಒಂದು ಸೆಂಟಿಮೀಟರ್ ಇರುವ ಬಣ್ಣದ ಸಿಪ್ಪೆ ಇಲ್ಲಿ 0.13 ಮಿಲಿಮೀಟರ್. ಬ್ರಶ್‌ನ ತುದಿಯಿಂದ ಅರ್ಧ ಮಿಲಿಮೀಟರ್ ಚುಕ್ಕೆ ಇಟ್ಟಿರೋ, ನಾಲ್ಕು ಸೆಂಟಿಮೀಟರ್ ಅಗಲದ ಗಾಯ ಮಾಡಿದಿರಿ ಅಂತ ಲೆಕ್ಕ. ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೂ ನಿಜದ್ದನ್ನು 76 ಮೀಟರ್ ದೂರದಿಂದ ನೋಡುವುದೂ ಒಂದೇ. ಅಷ್ಟು ದೂರದಲ್ಲಿ ಎರಡು ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಕಣ್ಣು ಬೇರೆ ಮಾಡಿ ನೋಡಲಾರದು. ಎಲ್ಲ ಬೆರೆತು ಒಂದು ಛಾಯೆಯಾಗುತ್ತದೆ. ಅದಕ್ಕೇ ಅನುಭವಿಗಳು ಸಿಪ್ಪೆಗಳನ್ನು ಕಮ್ಮಿ ಮಾಡಿ, ತೆಳು ಛಾಯೆಗಳನ್ನು ಪದರ ಪದರವಾಗಿ ಹಾಕುತ್ತಾರೆ.

ನೀರು ಕೂಡ ಅಳತೆಗೆ ಬಗ್ಗುವುದಿಲ್ಲ. ದೊಡ್ಡ ವ್ಯಾಗನ್ ಮೇಲೆ ಮಳೆಹನಿ ಜಾರಿ ತುಕ್ಕಿನ ಗೆರೆ ಎಳೆಯುತ್ತದೆ. ಪುಟ್ಟ ಹನಿಯಲ್ಲಿ ಭಾರಕ್ಕಿಂತ ಮೇಲ್ಮೈ ಸೆಳೆತದ ಕೈಯೇ ಮೇಲು, ಹಾಗಾಗಿ ಮಾದರಿಯ ಮೇಲೆ ಅದು ಅಂಟಿಕೊಂಡು ನಿಲ್ಲುತ್ತದೆ. ತೆಳು ಬಣ್ಣ ಹಚ್ಚಿದರೆ ಅದು ಬಾಗಿಲಿನ ಸಂದಿಗಳಿಗೆ ತಾನಾಗಿ ನುಗ್ಗುತ್ತದೆ, ಮೇಲಕ್ಕೂ ಏರುತ್ತದೆ. ಸಂದಿಗೆ ಇದು ಅನುಕೂಲ. ಆದರೆ ಇಳಿಗೆರೆಯನ್ನು ಕೈಯಿಂದಲೇ ಎಳೆಯಬೇಕು. ಬಿರುಕಿನ ಬಾಯಲ್ಲಿ ಸೂಜಿಮೊನೆಯಷ್ಟು ಎಣ್ಣೆ ಬಣ್ಣ ಇಟ್ಟು, ತಿನ್ನರ್ ತಾಗಿಸಿ ಹಿಂಡಿದ ಬ್ರಶ್‌ನಿಂದ ನೇರ ಕೆಳಕ್ಕೆ. ಗೆರೆ ಮೇಲೆ ದಟ್ಟ, ಕೆಳಗೆ ಹೋದಂತೆ ಮಾಸಬೇಕು.

ಸಂಡೂರು, ಹೊಸಪೇಟೆ ಕಡೆಯ ಅದಿರು ವ್ಯಾಗನ್ ಮಾದರಿ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿನ ಅದಿರೇ ಹೆಮಟೈಟ್. ವ್ಯಾಗನ್ ಮೇಲಿನ ಕೆಂಪೆಲ್ಲ ತುಕ್ಕಲ್ಲ, ಬಹಳಷ್ಟು ದೂಳು. ದೂಳಿಗೆ ಬಿರುಕು ಬೇಕಾಗಿಲ್ಲ. ಅಂಚುಗಳ ಮೇಲೆ, ಪಟ್ಟಿಗಳ ಮೇಲ್ಭಾಗದಲ್ಲಿ, ಕೆಳಗಿನ ಚೌಕಟ್ಟಿನ ಮೇಲೆ ಅದು ಕೂರುತ್ತದೆ. ಅಲ್ಲಿ ಒಣ ಪುಡಿಯನ್ನು ಮೆತ್ತನೆ ಬ್ರಶ್‌ನಿಂದ ಉದುರಿಸಿದರೆ ಸಾಕು. ಚಕ್ರ ಹಳಿಗೆ ತಾಗುವ ಪಟ್ಟಿಯನ್ನು ಮಾತ್ರ ಒರೆಸಿಬಿಡಬೇಕು. ಓಡುವ ಚಕ್ರ ನಿಜದಲ್ಲೂ ಹೊಳೆಯುತ್ತದೆ. ಮಾದರಿಯಲ್ಲಂತೂ ಅಲ್ಲಿಂದ ಉದುರಿದ ಪುಡಿ ಹಳಿಗೆ ಅಂಟಿದರೆ ಎಂಜಿನ್‌ಗೆ ಕರೆಂಟ್ ಸಿಗುವುದಿಲ್ಲ.